ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಸೀಸನ್ನಿನ ಮೊದಲ ಮ್ಯಾಚ್: ನಿಮಗೆ ನೆನಪಿರುವುದು ಯಾವುದು?

ನೀಲಿ ಸ್ಕಾರ್ಫ್

2025ರ ಸೆಪ್ಟೆಂಬರ್ ಬಂತು, ಮ್ಯಾಚ್ ಮಾತ್ರ ಇಲ್ಲ. ಜುಲೈನಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ತಡೆಹಿಡಿದಿದ್ದಾರೆ ಅನ್ನುವ ಸುದ್ದಿ ಬಂದಾಗ ಒಂದೆರಡು ವಾರದಲ್ಲಿ ಸರಿ ಹೋಗುತ್ತದೆ ಅಂದುಕೊಂಡಿದ್ದೆ. ಹೋಗಲಿಲ್ಲ. ಹೋದ ವರ್ಷ ಸೆಪ್ಟೆಂಬರ್ 14ಕ್ಕೆಲ್ಲ ಈಸ್ಟ್ ಬೆಂಗಾಲ್ ಮೇಲೆ ಗೆದ್ದು ಮೂರು ಪಾಯಿಂಟ್ ಜೇಬಿಗೆ ಹಾಕಿಕೊಂಡು ಮನೆಗೆ ಬಂದಾಗಿತ್ತು. ಈ ಸಲ ಸ್ಕಾರ್ಫ್ ಬೀರುವಿನಲ್ಲೇ ಇದೆ. ನಿನ್ನೆ ತೆಗೆದು ನೋಡಿದೆ, ಮತ್ತೆ ಮಡಿಸಿ ಒಳಗಿಟ್ಟೆ.

ಸುಮ್ನೆ ಕೊರಗುವುದಕ್ಕಿಂತ ಹಳೇ ಮೊದಲ ಮ್ಯಾಚ್‌ಗಳನ್ನು ನೆನಪು ಮಾಡಿಕೊಳ್ಳೋಣ. ಸೋತಿದ್ದಾದರೂ ಪರವಾಗಿಲ್ಲ, ಟಿವಿಯಲ್ಲಿ ನೋಡಿದ್ದಾದರೂ ಪರವಾಗಿಲ್ಲ.

ನನ್ನದು 2017. ನವೆಂಬರ್ 19, ಭಾನುವಾರ, ಕಂಠೀರವದಲ್ಲಿ ಮುಂಬೈ ಸಿಟಿ ವಿರುದ್ಧ. ಐಎಸ್‌ಎಲ್‌ನಲ್ಲಿ ನಮ್ಮ ಮೊಟ್ಟಮೊದಲ ಮ್ಯಾಚ್. ದೇಶದ ಇನ್ನೊಂದು ಲೀಗ್ ಆದ ಐ-ಲೀಗ್ ಎರಡು ಸಲ ಗೆದ್ದು ಬಂದಿದ್ದೆವು, ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ಆಡಿ ಬಂದಿದ್ದೆವು, ಆದರೂ ಆಫೀಸಿನಲ್ಲಿ ಬೇರೆ ತಂಡದವರೆಲ್ಲ "ಇಲ್ಲಿ ನೋಡೋಣ ಬನ್ನಿ" ಅಂತ ಕಾಯುತ್ತಿದ್ದರು. ಮೊದಲಾರ್ಧ ಗೋಲಿಲ್ಲ. ನನ್ನ ಅಂಗೈ ಒದ್ದೆ. 67ನೇ ನಿಮಿಷದಲ್ಲಿ ಎಡು ಗಾರ್ಸಿಯಾ ಹೊಡೆದಾಗ ನಾನು ಯಾರನ್ನು ತಬ್ಬಿಕೊಂಡೆ ಅನ್ನುವುದೇ ಗೊತ್ತಿಲ್ಲ, ಅವರ ಮುಖ ಕೂಡ ನೆನಪಿಲ್ಲ, ಅವರ ಜರ್ಸಿಯ ಬೆನ್ನ ಮೇಲಿದ್ದ 11 ಮಾತ್ರ ನೆನಪಿದೆ. ಕೊನೆಗೆ ಸೇರ್ಪಡೆ ಸಮಯದಲ್ಲಿ ನಮ್ಮ ಕ್ಯಾಪ್ಟನ್ ಸುನಿಲ್ ಛೇತ್ರಿ ಎರಡನೆಯದು ಹಾಕಿದರು. ಸೋಮವಾರ ಆಫೀಸಿಗೆ ಅರ್ಧ ಗಂಟೆ ಮೊದಲೇ ಹೋಗಿ ಕೂತಿದ್ದೆ.

ಎಡಗಾಲು

2017 ಒಳ್ಳೆಯದೇ ಗುರು. ಆದರೆ ನನ್ನ ಓಟು 2018ಕ್ಕೆ.

ಮಾರ್ಚ್ 17ರ ರಾತ್ರಿ ನೆನಪಿದೆ ತಾನೇ? ನಮ್ಮದೇ ಮೈದಾನದಲ್ಲಿ ಫೈನಲ್, ಒಂಬತ್ತನೇ ನಿಮಿಷಕ್ಕೇ ಛೇತ್ರಿ ಗೋಲು, ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಸಲ ಹೊಡೆದ, ಕೊನೆಗೆ 2-3. ಅವತ್ತು ಕಬ್ಬನ್ ಪಾರ್ಕ್ ಮೆಟ್ರೊವರೆಗೆ ನಾವು ನಾಲ್ಕು ಜನ ಒಂದು ಮಾತೂ ಆಡದೆ ನಡೆದಿದ್ದೆವು. ಆಮೇಲೆ ಹೊಸ ಸೀಸನ್ ಪಟ್ಟಿ ಬಂತು. ಮೊದಲ ಮ್ಯಾಚ್ ಯಾರ ಮೇಲೆ? ಅದೇ ಚೆನ್ನೈಯಿನ್. ಅದೇ ಕಂಠೀರವ. ಸೆಪ್ಟೆಂಬರ್ 30.

ಕಾರ್ಲೆಸ್ ಕುಆದ್ರಾತ್ ಕೋಚ್ ಆಗಿ ಮೊದಲ ಐಎಸ್‌ಎಲ್ ಮ್ಯಾಚ್ ಅದು. 41ನೇ ನಿಮಿಷದಲ್ಲಿ ಮಿಕು. 1-0. ಅಷ್ಟೇ ಸಾಕಿತ್ತು. ಫೈನಲ್‌ನ ಲೆಕ್ಕ ಅದರಿಂದ ಚುಕ್ತಾ ಆಗುವುದಿಲ್ಲ, ಗೊತ್ತು. ಆದರೆ ಆ ರಾತ್ರಿ ಅದೇ ನಾಲ್ಕು ಜನ ಅದೇ ದಾರಿಯಲ್ಲಿ ಮೆಟ್ರೊಗೆ ನಡೆದು ಹೋಗುವಾಗ ಒಬ್ಬರ ಮಾತು ಒಬ್ಬರಿಗೆ ಕೇಳಿಸದಷ್ಟು ಕೂಗಾಡುತ್ತಿದ್ದೆವು.

ಆಸ್ಟಿನ್‌ಟೌನ್ ಅಣ್ಣ

ನೀವೆಲ್ಲ ಕಂಠೀರವದಿಂದ ಶುರು ಮಾಡುತ್ತಿದ್ದೀರಿ. ಅಶೋಕನಗರದ ಸ್ಟೇಡಿಯಂ ಮರೆತುಬಿಟ್ಟಿರಾ?

2013ರ ಸೆಪ್ಟೆಂಬರ್ 22. ಭಾನುವಾರ. ಜುಲೈನಲ್ಲಿ ಹುಟ್ಟಿದ ತಂಡ, ಎರಡೇ ತಿಂಗಳಿಗೆ ಮೊದಲ ಐ-ಲೀಗ್ ಮ್ಯಾಚ್, ಅದೂ ಮೋಹನ್ ಬಗಾನ್ ಮೇಲೆ. ನಾನು ಆ ಗ್ಯಾಲರಿಯಲ್ಲಿ ಐಟಿಐ, ಎಚ್‌ಎಎಲ್ ತಂಡಗಳನ್ನು ನೋಡಿಕೊಂಡು ಬೆಳೆದವನು. ಫ್ಯಾಕ್ಟರಿ ಕೆಲಸ ಮುಗಿಸಿ ಬಂದವರು ಊಟದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಆಟ ನೋಡುತ್ತಿದ್ದ ಕಾಲ. ಆಮೇಲಾಮೇಲೆ ಜನ ಕಡಿಮೆಯಾಗಿ, ಎಚ್‌ಎಎಲ್ ಐ-ಲೀಗ್‌ನಿಂದ ಕೆಳಗಿಳಿದ ಮೇಲೆ ನಮ್ಮ ಊರಿನ ದೊಡ್ಡ ಫುಟ್‌ಬಾಲ್ ಮುಗಿಯಿತು ಅಂತಲೇ ನಾವು ಹಳಬರು ಮಾತಾಡಿಕೊಳ್ಳುತ್ತಿದ್ದೆವು. ಅದಕ್ಕೇ ಅವತ್ತು ಗೇಟಿನ ಹತ್ತಿರ ನೀಲಿ ಬಣ್ಣ ಬಳಿದುಕೊಂಡ ಹುಡುಗ ಹುಡುಗಿಯರನ್ನು ನೋಡಿ ಇವರು ಬೇರೆ ಯಾವುದೋ ಕಾರ್ಯಕ್ರಮಕ್ಕೆ ಬಂದವರು ಅಂದುಕೊಂಡೆ. ನಿಜ ಹೇಳುತ್ತಿದ್ದೇನೆ. ಒಬ್ಬನನ್ನು ಕೇಳಿಯೇಬಿಟ್ಟೆ. "ಅಂಕಲ್, ಬಿಎಫ್‌ಸಿ ಮ್ಯಾಚಿಗೆ" ಅಂದ. ನನ್ನ ಕೈಗೂ ಒಂದು ನೀಲಿ ರಿಬ್ಬನ್ ಕಟ್ಟಿದ.

ಕೃತಕ ಹುಲ್ಲಿನ ಮೈದಾನ. ಕಂಠೀರವದ ಹಾಗೆ ನಡುವೆ ಓಟದ ಟ್ರ್ಯಾಕ್ ಇಲ್ಲ. ನಮ್ಮ ಡಿಫೆಂಡರ್ ಜಾನ್ ಜಾನ್ಸನ್ ಹಿಂದೆ ನಿಂತು ಕೂಗುವುದು ನಮಗೆ ಕೇಳಿಸುತ್ತಿತ್ತು. ಪಕ್ಕದಲ್ಲಿ ಕೀನ್ಯಾದ ಕರ್ಟಿಸ್ ಒಸಾನೊ. ವಿರಾಮ ಮುಗಿದು ಸ್ವಲ್ಪ ಹೊತ್ತಿಗೆ ಶಾನ್ ರೂನಿ ಗೋಲು ಹೊಡೆದ. ಈ ಕ್ಲಬ್ಬಿನ ಮೊದಲ ಗೋಲು. ಆಮೇಲೆ ಬಗಾನ್‌ನ ಸಬೀತ್ ಸಮ ಮಾಡಿದ, 1-1.

ಗೆಲ್ಲಲಿಲ್ಲ. ಆದರೂ ಮ್ಯಾಚ್ ಮುಗಿದ ಮೇಲೆ ಯಾರೂ ಎದ್ದು ಹೋಗುತ್ತಿಲ್ಲ. ಬಗಾನ್ ಮೇಲೆ ಮೊದಲ ದಿನವೇ ಒಂದು ಪಾಯಿಂಟ್! ಆ ಸೀಸನ್ ಕೊನೆಗೆ ಗೋವಾದಲ್ಲಿ ಡೆಂಪೊ ಮೇಲೆ 4-2 ಗೆದ್ದು ಚಾಂಪಿಯನ್ ಆದೆವಲ್ಲ, ನನಗೆ ಅದಕ್ಕಿಂತ ಆ 1-1 ಜಾಸ್ತಿ ನೆನಪಿದೆ. ಟಿಕೆಟ್ ಇನ್ನೂ ಇಟ್ಟುಕೊಂಡಿದ್ದೇನೆ. ಅಕ್ಷರ ಮಸುಕಾಗಿದೆ.

ಎಡಗಾಲು

ಅಣ್ಣ, ಆ ಟಿಕೆಟ್ ಫೋಟೊ ಹಾಕಿ ದಯವಿಟ್ಟು.

ನೀಲಿ ಸ್ಕಾರ್ಫ್

ಅಣ್ಣ ಬರೆದಿದ್ದು ಓದಿ ನನ್ನ 2017 ಸಣ್ಣದಾಗಿ ಕಾಣಿಸಿತು. 2013ರಲ್ಲಿ ನಾನು ಇನ್ನೂ ಮೈಸೂರಿನಲ್ಲಿದ್ದೆ, ಬಿಎಫ್‌ಸಿ ಹೆಸರನ್ನು ಪೇಪರಿನಲ್ಲಿ ಓದಿದ್ದೆ ಅಷ್ಟೇ.

ದಾವಣಗೆರೆ ನೀಲಿ

ನಾನು 2019ರಲ್ಲಿ ಮೊದಲ ಸಲ ಕಂಠೀರವಕ್ಕೆ ಬಂದಿದ್ದು. ಅಕ್ಟೋಬರ್ 21, ಸೋಮವಾರ. ಚಾಂಪಿಯನ್ ತಂಡದ ಮೊದಲ ಮ್ಯಾಚ್ ನೋಡಬೇಕು ಅಂತ ಕೆಲಸಕ್ಕೆ ಎರಡು ದಿನ ರಜೆ ಹಾಕಿ ಬೆಳಿಗ್ಗೆ ರೈಲು ಹತ್ತಿದ್ದೆ. ನಾರ್ತ್‌ಈಸ್ಟ್ ಯುನೈಟೆಡ್ ಮೇಲೆ 0-0. ಆಟದ ಬಗ್ಗೆ ಹೇಳಲು ಏನೂ ಇಲ್ಲ. ಘಾನಾದ ಅಸಮೋವಾ ಗ್ಯಾನ್‌ನನ್ನು ಕಣ್ಣಾರೆ ನೋಡಿದೆ, ವಿಶ್ವಕಪ್‌ನಲ್ಲಿ ಟಿವಿಯಲ್ಲಿ ನೋಡಿದ್ದ ಮನುಷ್ಯ, ಅದೊಂದು ಸಮಾಧಾನ. ರಾತ್ರಿ ರೈಲಿನಲ್ಲಿ ವಾಪಸ್ ಬರುವಾಗ ಗಂಟಲು ಕಟ್ಟಿತ್ತು. ಗೋಲೇ ಇಲ್ಲದ ಮ್ಯಾಚಿಗೆ ಇಷ್ಟು ಕೂಗಿದ್ದೀಯಾ ಅಂತ ಅಮ್ಮ ಬೈದರು.

ಆದರೆ ನಾನು ಆಮೇಲೆ ಮತ್ತೆ ಮತ್ತೆ ಬರುವುದಕ್ಕೆ ಆ ಮ್ಯಾಚೇ ಕಾರಣ. ಪಶ್ಚಿಮದ ಗ್ಯಾಲರಿಯಲ್ಲಿ ವೆಸ್ಟ್ ಬ್ಲಾಕ್‌ನವರು ತೊಂಬತ್ತು ನಿಮಿಷವೂ ಡ್ರಮ್ ನಿಲ್ಲಿಸಲಿಲ್ಲ. ಸ್ಕೋರ್ ಏನು ಅನ್ನುವುದು ಅವರಿಗೆ ಲೆಕ್ಕವೇ ಅಲ್ಲ ಅನ್ನುವ ಹಾಗಿತ್ತು.

ಮೂರನೇ ಸಾಲು

ನಾನು ಅಪ್ಪನ ಜೊತೆ ಬರುವವಳು. ನಮ್ಮದು 2022.

2020ರ ಮಾರ್ಚ್ 1ರಂದು ಕೋಲ್ಕತ್ತದ ಎಟಿಕೆ ತಂಡದ ಮೇಲೆ ಸೆಮಿಫೈನಲ್ ಮೊದಲ ಲೆಗ್, ಡೆಶಾರ್ನ್ ಬ್ರೌನ್ ಗೋಲು, 1-0. ಅವತ್ತು ಎದ್ದು ಬರುವಾಗ ಅಪ್ಪ "ಮುಂದಿನ ಸೀಸನ್‌ಗೆ ಇನ್ನೂ ಮುಂದಿನ ಸಾಲಿನಲ್ಲಿ ಕೂರೋಣ" ಅಂದಿದ್ದರು. ಆಮೇಲೆ ಕೋವಿಡ್. ಎರಡು ಸೀಸನ್ ಪೂರ್ತಿ ಗೋವಾದಲ್ಲಿ. ನಡುವೆ ಅಪ್ಪನಿಗೆ ಮೊಣಕಾಲು ಆಪರೇಷನ್ ಆಯಿತು. ಮನೆಯಲ್ಲಿ ಇನ್ನು ಸ್ಟೇಡಿಯಂ ಬೇಡ ಅಂತ ಎಲ್ಲರೂ ಹೇಳಿದ್ದರು.

ಅಕ್ಟೋಬರ್ 8, ಶನಿವಾರ. ಆಗಷ್ಟೇ ಕೋಲ್ಕತ್ತದಲ್ಲಿ ಮುಂಬೈ ಮೇಲೆ ಡುರಾಂಡ್ ಕಪ್ ಗೆದ್ದು ಬಂದಿದ್ದರು. ರಾಯ್ ಕೃಷ್ಣ, ಜಾವಿ ಹೆರ್ನಾಂಡೆಜ್ ಎಲ್ಲ ಹೊಸಬರು. ಅಪ್ಪ ಬೆಳಿಗ್ಗೆಯೇ ಹಳೇ ಜರ್ಸಿ ಇಸ್ತ್ರಿ ಮಾಡಿ ಕುರ್ಚಿ ಮೇಲೆ ಹಾಕಿಟ್ಟಿದ್ದರು. ಆ ಕಾಂಕ್ರೀಟ್ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿದೆವು. ಪ್ರತಿ ಮೆಟ್ಟಿಲಿಗೂ ಮೊದಲು ಎಡಗಾಲು, ಆಮೇಲೆ ಬಲಗಾಲು ಅದೇ ಮೆಟ್ಟಿಲಿಗೆ, ಒಂದು ಉಸಿರು, ಮತ್ತೆ ಎಡಗಾಲು. ಹಿಂದೆ ಬರುತ್ತಿದ್ದ ಹುಡುಗರು ಯಾರೂ ಆತುರಪಡಿಸಲಿಲ್ಲ. ಒಬ್ಬ ಸುಮ್ಮನೆ ತನ್ನ ಹೆಗಲು ಕೊಟ್ಟ. ಸೀಟು ಒದ್ದೆ ಇತ್ತು, ಅಪ್ಪ ಮನೆಯಿಂದ ತಂದಿದ್ದ ಪೇಪರ್ ಹಾಸಿ ಕೂತರು.

ಆಟ ನಾರ್ತ್‌ಈಸ್ಟ್ ಮೇಲೆ. 80 ನಿಮಿಷ ಆದರೂ 0-0. ಇಳಿಯುವುದಕ್ಕೆ ಹೊತ್ತು ಬೇಕು, ಈಗಲೇ ಹೊರಡೋಣ ಅಂದೆ. ಅಪ್ಪ ತಲೆ ಅಲ್ಲಾಡಿಸಿದರು ಅಷ್ಟೇ. 87ನೇ ನಿಮಿಷದಲ್ಲಿ ಆಲನ್ ಕೋಸ್ಟಾ ತಲೆ ಕೊಟ್ಟ. ಆಪರೇಷನ್ ಆದ ಕಾಲಿನ ಮೇಲೆ ಅಪ್ಪ ಎದ್ದು ನಿಂತಿದ್ದರು! ಎದ್ದಿದ್ದು ಅವರಿಗೇ ಗೊತ್ತಿಲ್ಲ. ಆಮೇಲೆ ಕೊನೆಯಲ್ಲಿ ನಾರ್ತ್‌ಈಸ್ಟ್‌ನವರು ಒಂದು ಗೋಲು ಹಾಕಿದರು, ರೆಫರಿ ರದ್ದು ಮಾಡಿದರು. ಆ ಒಂದು ನಿಮಿಷ ನಾನು ಮೈದಾನ ನೋಡಲಿಲ್ಲ, ಅಪ್ಪನ ಮುಖವನ್ನೇ ನೋಡುತ್ತಿದ್ದೆ.

ದಾವಣಗೆರೆ ನೀಲಿ

ಅಕ್ಕ, ಅಪ್ಪ ಈಗ ಹೇಗಿದ್ದಾರೆ?

ಮೂರನೇ ಸಾಲು

ಚೆನ್ನಾಗಿದ್ದಾರೆ. ಲೀಗ್ ಯಾವಾಗ ಶುರು ಅಂತ ದಿನಾ ಕೇಳುತ್ತಾರೆ.

ಎಡಗಾಲು

ಡೆಶಾರ್ನ್ ಬ್ರೌನ್ ಹೆಸರು ಬಂದಿದ್ದಕ್ಕೆ ಹೇಳುತ್ತೇನೆ. 2021ರ ಮೊದಲ ಮ್ಯಾಚ್ ನೆನಪಿದೆಯಾ? ನವೆಂಬರ್ 20, ಬಾಂಬೋಲಿಂ, ಅದೂ ನಾರ್ತ್‌ಈಸ್ಟ್ ಮೇಲೆಯೇ. ಅಷ್ಟರಲ್ಲಿ ಬ್ರೌನ್ ಅವರ ಕಡೆ ಹೋಗಿದ್ದ. 14ನೇ ನಿಮಿಷಕ್ಕೆ ಕ್ಲೇಟನ್ ಸಿಲ್ವಾ ನಮಗೆ ಲೀಡ್ ಕೊಟ್ಟರು, 17ಕ್ಕೆ ಬ್ರೌನ್ ನಮ್ಮ ಮೇಲೇ ಹೊಡೆದ. 22ಕ್ಕೆ ಅವರದೇ ಸೆಲ್ಫ್ ಗೋಲು, 25ಕ್ಕೆ ಅವರು ಮತ್ತೆ ಸಮ. ಟೀ ಹಾಕಿಕೊಂಡು ಬರುವಷ್ಟರಲ್ಲಿ ನಾಲ್ಕು ಗೋಲು ಆಗಿಹೋಗಿತ್ತು. ಆಮೇಲೆ ಜಯೇಶ್ ರಾಣೆ, ಕೊನೆಗೆ ಪ್ರಿನ್ಸ್ ಇಬಾರಾ. 4-2. ಐಎಸ್‌ಎಲ್ ಮೊದಲ ಮ್ಯಾಚ್‌ಗಳಲ್ಲಿ ನಾವು ಅತಿ ಹೆಚ್ಚು ಗೋಲು ಹೊಡೆದಿದ್ದು ಅದೇ. ನೋಡಲು ಗ್ಯಾಲರಿಯಲ್ಲಿ ಒಬ್ಬರೂ ಇರಲಿಲ್ಲ ಅನ್ನುವುದು ಈಗಲೂ ಬೇಜಾರು.

ಅದರ ಹಿಂದಿನ ವರ್ಷದ್ದು ಬರೆಯುವುದಿಲ್ಲ. ಗೋವಾ ಮೇಲೆ 2-0 ಇದ್ದಿದ್ದು ಮೂರು ನಿಮಿಷದಲ್ಲಿ 2-2.

ಆಸ್ಟಿನ್‌ಟೌನ್ ಅಣ್ಣ

ಇಗೊರ್ ಆಂಗುಲೊ. 66, 69. ಮರೆಯುವ ಹಾಗಿದ್ದರೆ ಚೆನ್ನಾಗಿತ್ತು.

ಕೊಚ್ಚಿಯಿಂದ ಕನ್ನಡಿಗ

ಎಲ್ಲರೂ ಗೆದ್ದಿದ್ದೇ ಹೇಳುತ್ತಿದ್ದೀರಿ. ನಾನು ಸೋತಿದ್ದು ಹೇಳುತ್ತೇನೆ.

2023ರ ಸೆಪ್ಟೆಂಬರ್ 21, ಗುರುವಾರ, ಕೊಚ್ಚಿ. ಕೆಲಸಕ್ಕೆ ಇಲ್ಲಿಗೆ ಬಂದು ಆಗ ಎಂಟು ತಿಂಗಳಾಗಿತ್ತು. ಅದೇ ವರ್ಷ ಮಾರ್ಚ್ 3ರಂದು ಕಂಠೀರವದಲ್ಲಿ ಏನಾಯಿತು ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಹೆಚ್ಚುವರಿ ಸಮಯದಲ್ಲಿ ಛೇತ್ರಿ ಬೇಗ ಫ್ರೀಕಿಕ್ ಹೊಡೆದು ಗೋಲು ಮಾಡಿದರು, ಕೇರಳ ಬ್ಲಾಸ್ಟರ್ಸ್ ತಂಡದವರು ಮೈದಾನ ಬಿಟ್ಟು ನಡೆದರು. ಅದಾದ ಮೇಲೆ ಹೊಸ ಸೀಸನ್ನಿನ ಮೊಟ್ಟಮೊದಲ ಮ್ಯಾಚೇ ಅವರ ಊರಿನಲ್ಲಿ ನಮ್ಮ ಮೇಲೆ. ಹೇಗಿರಬೇಡ ಯೋಚಿಸಿ. ಆಫೀಸಿನಲ್ಲಿ ನಾನು ಬೆಂಗಳೂರಿನವನು ಅಂತ ಗೊತ್ತಾದಾಗಿನಿಂದ ಎಲ್ಲರೂ ಸೆಪ್ಟೆಂಬರ್ 21 ಅಂತಲೇ ಕರೆಯುತ್ತಿದ್ದರು.

ಸ್ಟೇಡಿಯಂ ಪಕ್ಕದಲ್ಲೇ ಮೆಟ್ರೊ ಸ್ಟೇಷನ್. ಇಳಿದರೆ ಪೂರ್ತಿ ಹಳದಿ. ಜೋರು ಮಳೆ. ನಾನು ಜರ್ಸಿ ಹಾಕಿರಲಿಲ್ಲ, ಸಾದಾ ಅಂಗಿ, ಮೇಲೆ ರೇನ್‌ಕೋಟ್. ಹೆದರಿಕೆ ಅಂತಲ್ಲ, ಒಬ್ಬನೇ ಇದ್ದೆ. ಒಳಗೆ ಕೂತ ಮೇಲೆ ಸದ್ದು ಎದೆಗೆ ಬಡಿಯುತ್ತಿತ್ತು, ಮಾತಿಗೆ ಹೇಳುತ್ತಿಲ್ಲ, ಪಕ್ಕೆಲುಬಿನಲ್ಲಿ ಗೊತ್ತಾಗುತ್ತಿತ್ತು. ಛೇತ್ರಿ ಏಷ್ಯನ್ ಗೇಮ್ಸ್‌ಗೆ ಚೀನಾಕ್ಕೆ ಹೋಗಿದ್ದರು, ನಮ್ಮ ತಂಡದಲ್ಲಿ ಅವರಿಲ್ಲ. ಮೊದಲಾರ್ಧ ತಡೆದುಕೊಂಡೆವು. 52ನೇ ನಿಮಿಷದಲ್ಲಿ ಕಾರ್ನರ್, ನಮ್ಮ ವೀಂಡಾರ್ಪ್ ತಲೆಗೆ ತಾಗಿ ನಮ್ಮದೇ ಗೂಡಿಗೆ. 69ಕ್ಕೆ ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಕಾಲಿನಿಂದ ಅವರ ಲೂನಾ ಚೆಂಡು ಕಿತ್ತುಕೊಂಡು ಒಳಗೆ ತಳ್ಳಿದ. ಗುರ್‌ಪ್ರೀತ್ ಎಷ್ಟು ಮ್ಯಾಚ್ ಉಳಿಸಿಕೊಟ್ಟಿದ್ದಾರೆ ನಮಗೆ, ಆದರೂ ಆ ಕ್ಷಣದಲ್ಲಿ ಕಣ್ಣು ಮುಚ್ಚಿಕೊಂಡೆ.

ಕೊನೆಗೆ 90ರಲ್ಲಿ ನಮ್ಮ ಕರ್ಟಿಸ್ ಮೇನ್ ಒಂದು ವಾಪಸ್ ಹಾಕಿದ. ಇಡೀ ಸ್ಟೇಡಿಯಂ ಒಂದು ಕ್ಷಣ ತಣ್ಣಗಾಯಿತು. ಆ ಮೌನದಲ್ಲಿ ನನ್ನ ಬಾಯಿಂದ "ಬಾರೋ!" ಅಂತ ಬಂದುಬಿಟ್ಟಿತು. ಪಕ್ಕದಲ್ಲಿ ಮಗನ ಜೊತೆ ಕೂತಿದ್ದ ಹಿರಿಯರು ತಿರುಗಿ ನೋಡಿದರು. ರೇನ್‌ಕೋಟ್ ನೋಡಿದರು, ಮತ್ತೆ ನನ್ನನ್ನು ನೋಡಿದರು. ಬೆಂಗಳೂರಾ ಅಂದರು. ಹೌದು ಅಂದೆ. ಮ್ಯಾಚ್ ಮುಗಿದ ಮೇಲೆ ಕೈ ಕುಲುಕಿ, ಮುಂದಿನ ಸಲ ನಿನ್ನ ಜರ್ಸಿ ಹಾಕಿಕೊಂಡೇ ಬಾ, ನಮ್ಮ ಪಕ್ಕದಲ್ಲೇ ಕೂರು ಅಂದರು.

1-2. ಮೆಟ್ರೊದಲ್ಲಿ ಅಳು ಬಂದಿತ್ತು. ಸೋತಿದ್ದಕ್ಕಾ, ಊರು ನೆನಪಾಗಿದ್ದಕ್ಕಾ ಗೊತ್ತಾಗಲಿಲ್ಲ.

ನೀಲಿ ಸ್ಕಾರ್ಫ್

ನೀವು ಬರೆದಿದ್ದು ಎರಡು ಸಲ ಓದಿದೆ.

ಲೆಕ್ಕದ ಪುಸ್ತಕ

ಬೆಳಿಗ್ಗೆಯಿಂದ ಓದುತ್ತಿದ್ದೇನೆ. ನೀವು ಹೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಕೂಡಿಸಿದೆ. ಒಂದು ವಿಷಯ ಕಣ್ಣಿಗೆ ಬಿತ್ತು, ಹೇಳದೆ ಇರಲಾರೆ.

ಐಎಸ್‌ಎಲ್‌ನಲ್ಲಿ ಇದುವರೆಗೆ ಎಂಟು ಸೀಸನ್, ಎಂಟು ಮೊದಲ ಮ್ಯಾಚ್. ಐದು ಗೆಲುವು, ಎರಡು ಡ್ರಾ, ಒಂದು ಸೋಲು. ಸೋತಿದ್ದು ಕೊಚ್ಚಿಯಲ್ಲಿ ಮಾತ್ರ. ಎಂಟರಲ್ಲಿ ಐದು ಕಂಠೀರವದಲ್ಲಿ: 2017, 2018, 2019, 2022, 2024. ಈ ಐದರಲ್ಲಿ ನಮ್ಮ ಮೇಲೆ ಆಗಿರುವ ಗೋಲು ಎಷ್ಟು ಗೊತ್ತಾ? ಒಂದೂ ಇಲ್ಲ. 2-0, 1-0, 0-0, 1-0, 1-0. ಮನೆಯಲ್ಲಿ ಸೀಸನ್ ಶುರು ಮಾಡಿದಾಗ ಯಾರೂ ನಮ್ಮ ಗೂಡಿಗೆ ಚೆಂಡು ಹಾಕಿಲ್ಲ.

ಇನ್ನೊಂದು. ಕಂಠೀರವದಲ್ಲಿ ಮೊದಲ ಮ್ಯಾಚ್ ಗೆದ್ದಿದ್ದು ನಾಲ್ಕು ಸೀಸನ್. ಆ ನಾಲ್ಕೂ ಸೀಸನ್‌ನಲ್ಲಿ ನಾವು ಫೈನಲ್ ಆಡಿದ್ದೇವೆ. ಬೇರೆ ಯಾವ ಸೀಸನ್‌ನಲ್ಲೂ ಫೈನಲ್ ಮುಟ್ಟಿಲ್ಲ. ಮನೆಯಲ್ಲೇ ಡ್ರಾ ಆದ 2019ರಲ್ಲಿ ಸೆಮಿಫೈನಲ್‌ಗೆ ನಿಂತೆವು. ಹೊರಗೆ ಶುರು ಮಾಡಿದ ಮೂರು ಸೀಸನ್‌ನಲ್ಲಿ 7ನೇ ಸ್ಥಾನ, 6ನೇ ಸ್ಥಾನ, 10ನೇ ಸ್ಥಾನ. ಬಾಂಬೋಲಿಂನಲ್ಲಿ ನಾಲ್ಕು ಗೋಲು ಹೊಡೆದಿದ್ದೂ ಉಪಯೋಗಕ್ಕೆ ಬರಲಿಲ್ಲ ನೋಡಿ.

ಎಡಗಾಲು

ಇದು ನಿಜವಾ?? ನಾನೂ ಕೂತು ಎಣಿಸಿದೆ. ನಿಜ.

ಕೊಚ್ಚಿಯಿಂದ ಕನ್ನಡಿಗ

ಕಾಕತಾಳೀಯ ಅಲ್ವಾ? 2022ರಲ್ಲಿ ಮೊದಲ ಮ್ಯಾಚ್ ಗೆದ್ದ ಮೇಲೆ ಡಿಸೆಂಬರ್ ಹೊತ್ತಿಗೆ ಪಟ್ಟಿಯ ತಳದ ಹತ್ತಿರ ಇದ್ದೆವು. ಆಮೇಲೆ ಸತತ ಎಂಟು ಮ್ಯಾಚ್ ಗೆದ್ದಿದ್ದಕ್ಕೆ ಮೇಲೆ ಬಂದಿದ್ದು. ಅದಕ್ಕೂ ಅಕ್ಟೋಬರ್ ಗೆಲುವಿಗೂ ಏನು ಸಂಬಂಧ?

ಲೆಕ್ಕದ ಪುಸ್ತಕ

ಸಂಬಂಧ ಇದೆ ಅಂತ ಸಾಧಿಸಲು ಆಗುವುದಿಲ್ಲ. ಎಂಟು ಸೀಸನ್ ಅಂದರೆ ಸಣ್ಣ ಲೆಕ್ಕ. ಮನೆಯಲ್ಲಿ ಶುರು ಮಾಡಿದರೆ ಆಟಗಾರರು ತಮ್ಮದೇ ಹುಲ್ಲು, ತಮ್ಮದೇ ಜನರ ಮಧ್ಯೆ ಕಾಲೂರುತ್ತಾರೆ. ಹೊಸದಾಗಿ ಸೇರಿದವರಿಗೆ ಅದು ಜಾಸ್ತಿ ಬೇಕು. ನಾನು ಇಷ್ಟನ್ನು ನಂಬುತ್ತೇನೆ.

ಆಸ್ಟಿನ್‌ಟೌನ್ ಅಣ್ಣ

ಅದು ಸರಿಯಾದ ಮಾತು. ಆದರೆ ನಾಲ್ಕು ಫೈನಲ್‌ನಲ್ಲಿ ಕಪ್ ಬಂದಿದ್ದು ಒಂದೇ. ರಾಹುಲ್ ಭೇಕೆ 117ನೇ ನಿಮಿಷದಲ್ಲಿ ತಲೆ ಕೊಡದಿದ್ದರೆ ಅದೂ ಇರುತ್ತಿರಲಿಲ್ಲ. ಕೊನೆಯ ಮ್ಯಾಚ್ ನಮ್ಮನ್ನು ಜಾಸ್ತಿ ಅಳಿಸಿದೆ. 2015ರ ಮೇ 31, ಗೆದ್ದಿದ್ದರೆ ಐ-ಲೀಗ್ ನಮ್ಮದೇ ಇತ್ತು, 87ನೇ ನಿಮಿಷದಲ್ಲಿ ಬಗಾನ್‌ನ ಬೆಲ್ಲೊ ರಜಾಕ್ ಸಮ ಮಾಡಿದ. ಅದಕ್ಕೇ ನನಗೆ ಮೊದಲ ಮ್ಯಾಚ್ ಇಷ್ಟ. ಅವತ್ತು ಎಲ್ಲರೂ ಸೊನ್ನೆ ಪಾಯಿಂಟ್.

ದಾವಣಗೆರೆ ನೀಲಿ

2024ರದ್ದು ಯಾರೂ ಸರಿಯಾಗಿ ಬರೆಯಲಿಲ್ಲ, ನಾನು ಬರೆಯುತ್ತೇನೆ.

ಈಸ್ಟ್ ಬೆಂಗಾಲ್ ಜನ ತುಂಬಾ ಬಂದಿದ್ದರು, ಕೆಂಪು ಹಳದಿ ಬಾವುಟ. ಹಿಂದಿನ ಸೀಸನ್ 10ನೇ ಸ್ಥಾನ, ನಮ್ಮಲ್ಲಿ ಯಾರಿಗೂ ದೊಡ್ಡ ಆಸೆ ಇರಲಿಲ್ಲ. 25ನೇ ನಿಮಿಷಕ್ಕೆ ವಿನೀತ್ ವೆಂಕಟೇಶ್. ಹತ್ತೊಂಬತ್ತರ ಹುಡುಗ, ಬೆಂಗಳೂರಿನವನೇ, ನಮ್ಮ ಅಕಾಡೆಮಿಯಿಂದ ಬಂದವನು. ಗೋಲು ಹೊಡೆದ ಮೇಲೆ ನಮ್ಮ ಮುಂದಿನ ಸಾಲಿನಲ್ಲಿದ್ದ ಒಬ್ಬ ಅಂಕಲ್ ಹಿಂದೆ ತಿರುಗಿ, ಯಾರಿಗೋ ಅಂತಲ್ಲ, ಎಲ್ಲರಿಗೂ ಹೇಳಿದರು: "ನಮ್ಮ ಹುಡುಗ ರೀ, ನಮ್ಮ ಹುಡುಗ." ಮೂರು ನಾಲ್ಕು ಸಲ ಅದನ್ನೇ ಹೇಳಿದರು. ಛೇತ್ರಿ ಎಷ್ಟು ಹೊಡೆದರೂ ಈ ಮಾತು ಆ ಗ್ಯಾಲರಿಯಲ್ಲಿ ನಾನು ಕೇಳಿರಲಿಲ್ಲ. ಆ ಒಂದು ಗೋಲನ್ನೇ ಕೊನೆವರೆಗೆ ಕಾಪಾಡಿಕೊಂಡೆವು.

ಮೂರನೇ ಸಾಲು

ದಾವಣಗೆರೆಯವರೇ, ನೀವು ಎಲ್ಲಿ ಕೂತಿದ್ದಿರಿ? ಆ ಅಂಕಲ್ ಕೈಯಲ್ಲಿ ಮಡಿಸಿದ ಪೇಪರ್ ಇತ್ತಾ? ಒಂದು ಕಾಲು ಚಾಚಿಕೊಂಡು ಕೂತಿದ್ದರಾ?

ದಾವಣಗೆರೆ ನೀಲಿ

ಪೇಪರ್ ಮೇಲೆ ಕೂತಿದ್ದರು! ಪಕ್ಕದಲ್ಲಿ ಕನ್ನಡಕ ಹಾಕಿದ್ದವರು ನೀವಾ ಅಕ್ಕ?

ಮೂರನೇ ಸಾಲು

ನಾನೇ. ಅದು ನಮ್ಮಪ್ಪ. ಈಗ ಓದಿ ಹೇಳಿದೆ. ಹೌದು, ಹೇಳಿದ್ದೆ, ನಮ್ಮ ಹುಡುಗನೇ ತಾನೇ ಅಂದರು.

ನೀಲಿ ಸ್ಕಾರ್ಫ್

ಕೇಳಿ. ಬರುವ ಸೋಮವಾರ ಸೆಪ್ಟೆಂಬರ್ 22. ಅಣ್ಣ ಹೇಳಿದ ಆ ಬಗಾನ್ ಮ್ಯಾಚಿಗೆ ಸರಿಯಾಗಿ ಹನ್ನೆರಡು ವರ್ಷ. ಲೀಗ್ ಇಲ್ಲದಿದ್ದರೆ ಇಲ್ಲ. ಸಂಜೆ ಆರಕ್ಕೆ ಅಶೋಕನಗರ ಸ್ಟೇಡಿಯಂ ಗೇಟಿನ ಹತ್ತಿರ ಸೇರೋಣವಾ? ನಾನು ಸ್ಕಾರ್ಫ್ ಹಾಕಿಕೊಂಡು ಬರುತ್ತೇನೆ.

ಆಸ್ಟಿನ್‌ಟೌನ್ ಅಣ್ಣ

ಮನೆಯಿಂದ ನಡೆದು ಬರುವ ದೂರ. ಟಿಕೆಟ್ ತರುತ್ತೇನೆ, ಫೋಟೊದಲ್ಲಿ ಬೇಡ, ಕೈಯಲ್ಲೇ ನೋಡಿ.

ಎಡಗಾಲು

ನಾವು ನಾಲ್ಕೂ ಜನ ಬರುತ್ತೇವೆ.

ಮೂರನೇ ಸಾಲು

ಅಪ್ಪ ಆಗಲೇ ಜರ್ಸಿ ಹುಡುಕುತ್ತಿದ್ದಾರೆ.

ಕೊಚ್ಚಿಯಿಂದ ಕನ್ನಡಿಗ

ಸೋಮವಾರ ಆಫೀಸ್ ಇದೆ, ಬರಲು ಆಗುವುದಿಲ್ಲ. ಆರು ಗಂಟೆಗೆ ವಿಡಿಯೊ ಕಾಲ್ ಮಾಡಿ. ಗೇಟು ತೋರಿಸಿ ಸಾಕು.

ದಾವಣಗೆರೆ ನೀಲಿ

ರೈಲು ಬುಕ್ ಮಾಡಿದೆ.